ಸೂಜಿಗೆ ಹೊರಿಸಿದ ತಪ್ಪು

ಕೊಟ್ಟೂರು
18 ಜನವರಿ 2009

ಪ್ರೀತಿಯ ಭಾಗ್ಯಕ್ಕನಿಗೆ, ತಂಗಿ ಶೈಲಾಳ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಬರೆದು ನಿನ್ನ ಕ್ಷೇಮ ಕೇಳಬೇಕು. ಆದರೆ ಅದು ನಿನ್ನೆ ಬಸವೇಶ್ ಭಾವನ ಫೋನಿನಲ್ಲೇ ತಿಳಿಯಿತು. ಲಿವರಿನಲ್ಲಿ ಗಂಟು ಇದೆ ಎಂದು ಸ್ಕ್ಯಾನಿನಲ್ಲಿ ಕಂಡು ಐದು ತಿಂಗಳಾಯಿತಂತೆ. ಸೂಜಿಯಿಂದ ಚೂರು ತೆಗೆದು ನೋಡದೆ ಔಷಧಿ ಶುರು ಮಾಡುವುದಿಲ್ಲ ಎಂದು ಡಾಕ್ಟರು, ಸೂಜಿ ಮುಟ್ಟಿಸುವುದಿಲ್ಲ ಎಂದು ನೀನು. ಈಗ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲವಂತೆ. ಯಾವತ್ತೂ ಕಣ್ಣು ಒದ್ದೆ ಮಾಡದ ಭಾವ ಅತ್ತುಬಿಟ್ಟರು. "ನಿಮ್ಮಕ್ಕ ಒಂದೇ ಮಾತು ಹಿಡಕೊಂಡು ಕುಂತಾಳ. ನಮ್ಮವ್ವನ್ನ ಆ ಸೂಜಿನೇ ಕೊಂದೈತಿ ಅಂತಾಳ. ನೀನರ ಹೇಳವ್ವ" ಅಂದರು.

ಹೇಳಬೇಕಾದವಳು ನಾನೇ. ಎರಡೂವರೆ ವರ್ಷ ಬಾಯಿ ಮುಚ್ಚಿಕೊಂಡು ಕುಳಿತವಳೂ ನಾನೇ. ಫೋನಿನಲ್ಲಿ ನಾಲಿಗೆ ಏಳಲಿಲ್ಲ, ಅದಕ್ಕೇ ಈ ಕಾಗದ.

ಅವ್ವನ ಲಿವರಿನಲ್ಲೂ ಹೀಗೇ ಗಂಟು ಕಂಡಾಗ, ಅದರ ಪರೀಕ್ಷೆಗೆ ನಿನಗೆ ಮಾಗಳದಿಂದ ಬರಲಾಗಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ನಾನು, ಅವ್ವ ಇಬ್ಬರೇ. ಹೊಟ್ಟೆಯಲ್ಲಿ ನೀರು ತುಂಬಿದೆ, ಹೊರಗಿನಿಂದ ಚುಚ್ಚಿದರೆ ರಕ್ತ ನಿಲ್ಲಲಿಕ್ಕಿಲ್ಲ ಅಂದರು. ಬಾಯಿಯಿಂದ ಟ್ಯೂಬು ಇಳಿಸಿ, ಅದರ ತುದಿಯ ಸ್ಕ್ಯಾನಿನಲ್ಲಿ ಗಂಟನ್ನು ನೋಡುತ್ತಾ, ಜಠರದ ಒಳಗಿನಿಂದಲೇ ಸಣ್ಣ ಸೂಜಿ ಹಾಕಿ ಚೂರು ತೆಗೆಯುತ್ತಾರಂತೆ. ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು, ಮಂಪರಿನಲ್ಲಿ ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ನರ್ಸು ಎರಡೆರಡು ಸಲ ಹೇಳಿದ್ದಳು.

ಅವ್ವ ಉಪವಾಸಕ್ಕೆ ಹೆದರುವ ಹೆಂಗಸೇ? ರಾತ್ರಿ ಒಂದು ಅಗುಳೂ ಬಾಯಿಗೆ ಹಾಕಲಿಲ್ಲ. ಬೆಳಿಗ್ಗೆ ಲಾಡ್ಜಿನಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕುಳಿತಳು. ಕೆಳಗಿಳಿದು ಹಾಲು, ಬಾಳೆಹಣ್ಣು ತಂದುಕೊಟ್ಟವಳು ನಾನು. ಲಿಂಗಕ್ಕೆ ಅರ್ಪಿಸಿ ಲೋಟದ ತುಂಬ ಹಾಲು ಕುಡಿದಳು, ಎರಡು ಹಣ್ಣು ತಿಂದಳು. "ಅವ್ವಾ, ನರ್ಸು ಬ್ಯಾಡ ಅಂದಾಳಲ್ಲ" ಅಂದೆ. "ಹುಚ್ಚಿ, ಅಕಿ ಊಟ ಬ್ಯಾಡ ಅಂದಾಳ. ಪ್ರಸಾದ ಊಟ ಏನ?" ಅಂದಳು. ನನಗೂ ಸರಿಯೆನಿಸಿತು. ಸೋಮವಾರದ ಉಪವಾಸದಲ್ಲೂ ನಮ್ಮ ಮನೆಯಲ್ಲಿ ಪ್ರಸಾದವನ್ನು ತಿಂದದ್ದೆಂದು ಹಿಡಿಯುತ್ತಿರಲಿಲ್ಲ, ನಿನಗೇ ಗೊತ್ತಲ್ಲ.

ಒಳಗೆ ಕರೆದೊಯ್ಯುವ ಮೊದಲು, ಏನಾದರೂ ತಿಂದಿದ್ದಾರಾ ಎಂದು ಕೇಳಿದರು. "ಇಲ್ಲರಿ" ಅಂದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಸೂಜಿಯ ಕೆಲಸ ಮುಗಿದಿತ್ತು ಅಕ್ಕ. ಚೂರೂ ಸಿಕ್ಕಿತ್ತು. ಟ್ಯೂಬು ಹೊರಗೆ ತೆಗೆಯುವಾಗ ಅವ್ವನಿಗೆ ವಾಂತಿ ಒತ್ತಿಕೊಂಡು ಬಂದು ಎಲ್ಲ ಶ್ವಾಸಕೋಶಕ್ಕೆ ಇಳಿಯಿತು. ಡಾಕ್ಟರು ಹೊರಗೆ ಬಂದು, "ನಿಜ ಹೇಳಿಮ್ಮ, ಬೆಳಿಗ್ಗೆ ಏನು ಕೊಟ್ರಿ?" ಅಂದರು. ಈ ಸಲ ನನಗೆ ಗೊತ್ತಿತ್ತು. ಆದರೂ "ಏನೂ ಇಲ್ಲರಿ" ಅಂದೆ. ಅವರ ಕೈಗವುಸಿನ ಮೇಲೆ ಹಾಲಿನ ಕಲೆ ಇತ್ತು. ನನ್ನ ಮುಖ ನೋಡಿ ಒಳಗೆ ಹೋದರು. ಆರನೆಯ ದಿನ ಅವ್ವ ಹೋದಳು.

ಮಣ್ಣಿಗೆ ಒಯ್ಯುವ ಮೊದಲು ನೀನು ನನ್ನ ಎರಡೂ ಭುಜ ಹಿಡಿದು, "ಗಂಟಿಗೆ ಸೂಜಿ ಚುಚ್ಚಿಸಬ್ಯಾಡ, ಮೈಯೆಲ್ಲ ಹರಡತೈತಿ ಅಂತ ಹೇಳಿದ್ನೆಲ್ಲೇ! ಸೂಜಿನೇ ಕೊಂತಲ್ಲೇ!" ಎಂದು ಕಿರುಚಿದೆ. ನಾನು ಹೂಂ ಅಂದೆ. ಬಂದವರೆಲ್ಲ ಡಾಕ್ಟರನ್ನು ಬೈದರು, ನನಗೆ ಒಬ್ಬರೂ ಏನೂ ಅನ್ನಲಿಲ್ಲ. ಆಗ ಎಷ್ಟು ಹಗುರವಾಯಿತು ಗೊತ್ತೇ ನನಗೆ? ನಾಚಿಕೆಗೆಟ್ಟವಳು ನಾನು. ಆ ಒಂದು ಹೂಂ ನಂಬಿಕೊಂಡು ನೀನು ಐದು ತಿಂಗಳು ಕಳೆದೆ.

ಚಿಕ್ಕಂದಿನಲ್ಲಿ ಕಾಲಿಗೆ ಜಾಲಿಮುಳ್ಳು ನೆಟ್ಟರೆ, ಪಿನ್ನು ಕಂಡೇ ಊರು ಒಂದು ಮಾಡುತ್ತಿದ್ದೆ ನೀನು. ಚಿಕ್ಕವಳಾದ ನಾನೇ ತೆಗೆಯಬೇಕಾಗುತ್ತಿತ್ತು. ಈಗಲೂ ನಿನ್ನ ಕಾಲು ಹಿಡಿಯುತ್ತೇನೆ, ಚುಚ್ಚಿಸಿಕೋ. ಆ ದಿನ ಬೆಳಿಗ್ಗೆ ಪೂಜೆ ಮಾಡು, ಆದರೆ ಪ್ರಸಾದ ಮುಟ್ಟಬೇಡ. ಇದರಿಂದ ನೀನು ಉಳಿಯುತ್ತೀ ಎಂದು ಬರೆಯಲು ನನಗೆ ಧೈರ್ಯವಿಲ್ಲ. ಭಾವನ ಅಳು ಕೇಳಿದ ಮೇಲೆ ಆಸೆಯೇ ಹೋಗಿದೆ. ಕ್ಷಮಿಸು ಎಂದು ಕೇಳುವ ಬಾಯಿಯೂ ನನಗಿಲ್ಲ. ನನ್ನನ್ನು ಬೈಯುವುದಕ್ಕಾದರೂ ಎದ್ದು ಕೂಡು ಅಕ್ಕ.

ನಿನ್ನ ತಂಗಿ,
ಶೈಲಾ

ತಾ.ಕ.: ಜೊತೆಗಿರುವ ಹಾಳೆ ಅವ್ವನ ಸೂಜಿ ಪರೀಕ್ಷೆಯ ರಿಪೋರ್ಟು. ಅವ್ವನ ಶಿವಗಣಾರಾಧನೆ ಮುಗಿದ ಮರುವಾರ ಅಂಚೆಯಲ್ಲಿ ಬಂದಿತ್ತು. ಕೊಟ್ಟೂರಿನಲ್ಲಿ ತೋರಿಸಿದರೆ ಸುದ್ದಿಯಾಗುತ್ತದೆಂದು ಕೂಡ್ಲಿಗಿಯ ಔಷಧಿ ಅಂಗಡಿಗೆ ಒಯ್ದು ಓದಿಸಿದೆ. ಅಂಗಡಿಯವನು ನಕ್ಕು, "ಕ್ಯಾನ್ಸರ್ ಅಲ್ಲರಿ ಅಕ್ಕಾರ, ಟಿಬಿ ಗಂಟು. ಗುಳಿಗಿ ನುಂಗಿದ್ರ ಕರಗತೈತಿ. ಹೆದರಬ್ಯಾಡ್ರಿ, ಇವತ್ತ ಶುರು ಮಾಡಸ್ರಿ" ಅಂದ. ಹೂಂ ಅಂದು ಹಾಳೆ ಮಡಚಿಕೊಂಡು ಬಂದೆ.