ಅಲ್ಲಿಯ ನೀರು ಒಗ್ಗಿತಂತೆ

ಅಂಗಡಿಯಿಂದ,
ಹನ್ನೆರಡನೇ ತಾರೀಕು, ಬುಧವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ ನಿಮ್ಮ ಹಿರಿ ಸೊಸೆಯ ನಮಸ್ಕಾರಗಳು.

ಕಣ್ಣು ಹೇಗಿದೆ? ಚಿಕ್ಕ ಮಗನ ಮನೆಗೆ ಹೋಗಿ ಪೊರೆ ತೆಗೆಸಿಕೊಂಡ ಕಣ್ಣಲ್ಲಿ ಈಗಲೂ ನೀರು ಸುರಿಯುತ್ತದೆಯೇ, ನಿಂತಿದೆಯೇ? ಕಪ್ಪು ಕನ್ನಡಕ ಹಾಕಿಕೊಳ್ಳುತ್ತಿದ್ದೀರೋ, ಇಲ್ಲಿ ಛತ್ರಿಯನ್ನು ಕಂಡಕಂಡಲ್ಲಿ ಬಿಟ್ಟು ಬರುತ್ತಿದ್ದ ಹಾಗೆ ಅದನ್ನೂ ಎಲ್ಲೋ ಬಿಟ್ಟಿದ್ದೀರೋ? ಹನಿ ಹಾಕುವಾಗ ನೀವು ಕಣ್ಣು ಬಿಗಿಯಾಗಿ ಮುಚ್ಚಿಕೊಂಡುಬಿಡುತ್ತೀರಿ. ಅದು ನನಗೆ ಗೊತ್ತು, ಚಿಕ್ಕೋಳಿಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಕಿರಿ ಸೊಸೆ ಅಂದಮೇಲೆ ಎಲ್ಲವೂ ಗೊತ್ತಿರಲೇಬೇಕು ಅಂತಿಲ್ಲವಲ್ಲ. ಇಲ್ಲಿ ನಾನೂ ನಿಮ್ಮ ದೊಡ್ಡ ಮಗನೂ ಚೆನ್ನಾಗಿದ್ದೇವೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನು ಎತ್ತುವವಳು ಅವಳು, ಸ್ಪೀಕರ್ ಹಾಕುವವಳು ಅವಳು, ನಿಮ್ಮನ್ನು ಕೇಳಿದ್ದಕ್ಕೆ ಉತ್ತರ ಕೊಡುವವಳೂ ಅವಳೇ. ಅದಕ್ಕೇ ಕಾಗದ. ನಿಮ್ಮ ಕಣ್ಣು ಸರಿಹೋಗುವ ತನಕ ಇದನ್ನು ಓದಿ ಹೇಳುವವಳು ಕೂಡ ಅವಳೇ ಅಂತ ಬಲ್ಲೆ. ಓದಲಿ, ನಾನೇನು ಇಲ್ಲದ್ದು ಬರೆಯುತ್ತಿಲ್ಲ.

ಹೋದ ವಾರ ನಿಮ್ಮ ಚಿಕ್ಕ ಮಗ ಇವರಿಗೆ ಫೋನು ಮಾಡಿ, "ಅಣ್ಣಾ, ಅಮ್ಮ ಇಲ್ಲೇ ಇರ್ಲಿ ಬಿಡು. ಇಲ್ಲಿಯ ನೀರು ಒಗ್ಗಿದೆ" ಅಂದರಂತೆ. ನಾನು ಆಗ ಒಂದು ಪ್ಯಾಂಟಿನ ಸೊಂಟ ಬಿಚ್ಚುತ್ತಿದ್ದೆ. ಒಗ್ಗಿದೆ ಅಂದರೆ ಊರು ಒಗ್ಗಿದೆ ಅಂತಲೋ, ಕುಡಿಯೋ ನೀರು ಒಗ್ಗಿದೆ ಅಂತಲೋ ಎಂದು ಇವರನ್ನು ಕೇಳಿದೆ. ಇವರು ಸ್ವಲ್ಪ ಯೋಚಿಸಿ "ಎರಡೂ ಇರ್ಬೇಕು" ಅಂದುಬಿಟ್ಟರು. ಆಮೇಲೆ ಫೋನಿನಲ್ಲಿ ಫೋಟೊ ತೋರಿಸಿದರು. ಕೆಳಗೆ ನಲ್ಲಿ ಇರುವ ದೊಡ್ಡ ಗಾಜಿನ ಜಾಡಿ, ಅದರ ತುಂಬ ನೀರು, ನೀರಿನಲ್ಲಿ ನಿಂಬೆಯ ಬಿಲ್ಲೆ, ಸೌತೆಕಾಯಿಯ ಬಿಲ್ಲೆ, ಪುದೀನ ಎಲೆ. ಪಕ್ಕದಲ್ಲಿ ನೀವು ಕೈಯಲ್ಲಿ ಲೋಟ ಹಿಡಿದು ನಗುತ್ತಾ ಕೂತಿದ್ದೀರಿ. ನೀರಿನ ಲೋಟ ಹಿಡಿದು ನೀವು ನಕ್ಕಿದ್ದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು, ಸುಳ್ಳು ಯಾಕೆ ಹೇಳಲಿ.

ಒಂದು ಲೋಟ ನೀರಿಗಾಗಿ ನಾವಿಬ್ಬರು ಆಡಿದ ಜಗಳ ನೆನಪಿದೆಯೇ? ಕಿಡ್ನಿಯಲ್ಲಿ ಕಲ್ಲಿದೆ, ನೀರು ಚೆನ್ನಾಗಿ ಕುಡಿಯಬೇಕು ಅಂತ ಹೇಳಿದ್ದು ಡಾಕ್ಟರು, ಬೈಸಿಕೊಂಡಿದ್ದು ನಾನು. "ಸಪ್ಪೆ ನೀರು ಹೇಗಮ್ಮ ಇಳಿಯುತ್ತೆ, ಗೋಡೆ ನೆಕ್ಕಿದ ಹಾಗಿರುತ್ತೆ" ಅನ್ನುತ್ತಿದ್ದಿರಿ. ನೀವು ಅಂಗಡಿಯಲ್ಲಿ ಗುಂಡಿ ಹೊಲಿಯಲು ಕೂತರೆ, ಲೋಟ ಖಾಲಿ ಮಾಡುವ ತನಕ ನಿಮಗೆ ಗುಂಡಿ ಡಬ್ಬಿ ಕೊಡುತ್ತಿರಲಿಲ್ಲ ನಾನು. ನೀವೇನು ಕಮ್ಮಿಯೇ? ನಾನು ಗಿರಾಕಿಯ ಅಳತೆ ತೆಗೆದುಕೊಳ್ಳಲು ಬೆನ್ನು ತಿರುಗಿಸಿದರೆ ಸಾಕು, ಲೋಟದ ನೀರು ಇಸ್ತ್ರಿಗೆ ಚಿಮುಕಿಸುವ ಬಾಟಲಿಗೆ ಹೋಗುತ್ತಿತ್ತು. ಆ ಬಾಟಲಿ ಯಾವತ್ತೂ ತುಂಬಿಯೇ ಇರುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಂದುಕೊಂಡಿದ್ದಿರಾ? ಇಷ್ಟು ವರ್ಷ ಗಂಟಲು ಹರಿದುಕೊಂಡವಳು ನಾನು. ಅವಳು ಬಂದು ನಾಲ್ಕು ಎಲೆ ತೇಲಿಬಿಟ್ಟಳು, ಹೆಸರು ತಗೊಂಡಳು. ಆ ವಿದ್ಯೆಯೂ ಅವಳ ಸ್ವಂತದ್ದಲ್ಲ. ಅವಳು ಕೆಲಸ ಮಾಡುವ ಜಿಮ್ಮಿನಲ್ಲಿ, ಬಾಗಿಲ ಬಳಿ ಅವಳ ಮೇಜಿನ ಮೇಲೆ ಅಂಥ ಜಾಡಿ ಇಟ್ಟಿರುತ್ತಾರಂತೆ. ನಮ್ಮ ಟೈಲರ್ ಅಂಗಡಿಯಲ್ಲಿ ಜಾಡಿ ಇಡಲು ಜಾಗ ಎಲ್ಲಿದೆ?

ಆದರೂ ಇಟ್ಟೆ. ನೀವು ನಗಬೇಡಿ. ಬಟ್ಟೆ ಕತ್ತರಿಸುವ ಮೇಜಿನ ಮೂಲೆ ಖಾಲಿ ಮಾಡಿ ಒಂದು ಗಾಜಿನ ಜಗ್ಗು ಇಟ್ಟೆ. ಮೊದಲ ಸಲ ನಿಂಬೆಹಣ್ಣನ್ನು ಸಿಪ್ಪೆ ಸಮೇತ ಕೊಯ್ದು ರಾತ್ರಿಯೇ ಹಾಕಿಟ್ಟೆ. ಬೆಳಿಗ್ಗೆ ಇವರಿಗೆ ಕೊಟ್ಟರೆ ಒಂದು ಗುಟುಕು ಕುಡಿದು, "ಔಷಧಿ ಅಂತ ಮೊದಲೇ ಹೇಳ್ಬಾರ್ದಾ" ಅಂದರು. ಅಷ್ಟು ಕಹಿ. ಮರುದಿನ ಪುದೀನವನ್ನು ಸಣ್ಣಗೆ ಹೆಚ್ಚಿ ಹಾಕಿದೆ. ಪ್ಯಾಂಟು ಹಾಕಿ ನೋಡಲು ಬಂದಿದ್ದ ಬಸ್ ಡ್ರೈವರ್ ಕುಡಿದರು, ಚೆನ್ನಾಗಿದೆ ಅಂತಲೂ ಅಂದರು, ಹಲ್ಲಿನ ಸಂದಿಯಲ್ಲಿ ಹಸಿರು ಸೊಪ್ಪು ಸಿಕ್ಕಿಸಿಕೊಂಡು ಇಡೀ ದಿನ ಬಸ್ಸು ಓಡಿಸಿದರಂತೆ. ಸೌತೆಕಾಯಿ ಹಾಕಿದ ದಿನ ಸೆಕೆಗೆ ಮಧ್ಯಾಹ್ನದೊಳಗೆ ನೀರು ಲೋಳೆಯಾಯಿತು. ಶುಂಠಿ ಜಜ್ಜಿ ಹಾಕಿದ ದಿನದ ಮಾತು ಬೇಡ, ಇವರು ಕೆಮ್ಮಿದ್ದು ಎದುರಿನ ಚಪ್ಪಲಿ ಅಂಗಡಿಗೆ ಕೇಳಿಸಿತು. ಆವತ್ತೇ ಇವರು, "ಎಲ್ಲದಕ್ಕೂ ಏನೇನೋ ಹಾಕ್ತೀಯ, ಆ ನಿನ್ನ ಹೊಟ್ಟೆಕಿಚ್ಚು ಆರೋದಕ್ಕೆ ಏನು ಹಾಕ್ಬೇಕು ನೋಡು" ಅಂದರು. ನಾನು ಅವತ್ತು ಅವರ ಹತ್ತಿರ ಮಾತು ಬಿಟ್ಟೆ. ಇನ್ನೂ ಪೂರ್ತಿ ಶುರುಮಾಡಿಲ್ಲ.

ನಿಮಗೆ ನೀರು ಕುಡಿಯಲು ಹೇಳಿದ್ದ ಅದೇ ಡಾಕ್ಟರಮ್ಮ ತಮ್ಮ ಬಿಳಿ ಕೋಟಿಗೆ ಗುಂಡಿ ಹಾಕಿಸಿಕೊಳ್ಳಲು ಬಂದಾಗ ನಾನಾಗಿಯೇ ಮಾತು ತೆಗೆದೆ. ಕಲ್ಲು ಜಾರಿ ಹೋಗುವುದು ನೀರಿನಿಂದಲ್ಲವೇ, ಎಲೆಯಿಂದ ಏನಾಗುತ್ತದೆ ಅಂತ ಕೇಳಿದೆ. ಅವರು ನನ್ನ ಕಡೆ ಇದ್ದಾರೆ ಅಂತ ನಂಬಿದ್ದೆ. "ಎಲೆಯಿಂದ ಏನೂ ಆಗಲ್ಲ, ಸರಿ. ಆದ್ರೆ ಎಲೆ ಹಾಕಿದ್ರೆ ಅವರು ನೀರು ಕುಡೀತಾರಲ್ಲ, ಅದೇ ಬೇಕಾಗಿದ್ದು. ನಿಂಬೆಹುಳಿ ಕಲ್ಲಿಗೆ ಒಳ್ಳೇದೂ ಹೌದು. ಸಕ್ಕರೆ ಹಾಕ್ಬೇಡಿ ಅಷ್ಟೇ" ಅಂದರು. ಗುಂಡಿಗೆ ದುಡ್ಡು ಕೊಡಲು ಬಂದರು, ನಾನು ಮುಖ ಊದಿಸಿಕೊಂಡೇ ತೆಗೆದುಕೊಂಡೆ.

ಈಗ ಒಂದಿಷ್ಟು ಹದ ಸಿಕ್ಕಿದೆ. ನಿಂಬೆಯ ಬೀಜ, ಸಿಪ್ಪೆ, ಸಿಪ್ಪೆಯ ಒಳಗಿನ ಬಿಳಿ ಭಾಗ ಎಲ್ಲ ತೆಗೆದು ಬಿಲ್ಲೆಯನ್ನು ನೀರಿಗೆ ಹಾಕಬೇಕು, ಸ್ವಲ್ಪ ಹೊತ್ತಿಗೆ ಎತ್ತಿಬಿಡಬೇಕು. ಪುದೀನವನ್ನು ಹೆಚ್ಚದೆ ಅಂಗೈಯಲ್ಲಿ ಒಮ್ಮೆ ಹೊಸಕಿದರೆ ಸಾಕು. ಶುಂಠಿ ಒಂದೆರಡು ತೆಳು ಚೂರು. ನಿನ್ನೆ ಅಂಗಡಿಯಲ್ಲಿ ಯಾರೂ ಇಲ್ಲದಾಗ ಒಂದು ಲೋಟ ಬಗ್ಗಿಸಿಕೊಂಡು ಕುಡಿದೆ. ರುಚಿಯಾಗಿತ್ತು ಅತ್ತೆ. ಇನ್ನೊಂದು ಲೋಟ ಕುಡಿಯೋಣ ಅನ್ನಿಸುವಷ್ಟು ರುಚಿ. ಚೆನ್ನಾಗಿಲ್ಲದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಚೆನ್ನಾಗಿತ್ತು, ಅದಕ್ಕೇ ಅಳು ಬಂತು. ನಿಮ್ಮ ಸ್ಟೂಲಿನ ಮೇಲೆ ಗಿರಾಕಿಗಳ ಚೀಲ ಇಡಲು ನಾನು ಬಿಡುತ್ತಿಲ್ಲ. ಬಂದವರೆಲ್ಲ "ಅಮ್ಮ ಎಲ್ಲಿ, ಯಾವಾಗ ಬರ್ತಾರೆ" ಅಂತ ಕೇಳುತ್ತಾರೆ. ಬರುತ್ತಾರೆ ಅನ್ನುತ್ತೇನೆ. ಯಾವಾಗ ಅನ್ನುವುದನ್ನು ಗುಂಡಿಯ ಕಾಜ ಹೊಲಿಯುತ್ತಾ ನುಂಗಿಕೊಳ್ಳುತ್ತೇನೆ.

ನಿಮಗೆ ಅಲ್ಲಿ ಹಿತವಾಗಿದ್ದರೆ ಇರಿ. ನನ್ನದೇನೂ ಅಭ್ಯಂತರವಿಲ್ಲ. ಅಲ್ಲಿ ಲಿಫ್ಟ್ ಇದೆ, ಮೆಟ್ಟಿಲು ಹತ್ತುವ ಕಾಟವಿಲ್ಲ. ಬೈಯುವವರೂ ಇಲ್ಲ. ಅವಳದು ಮೆತ್ತನೆ ಮಾತು, ನನ್ನ ಹಾಗಲ್ಲ. ಸಣ್ಣ ಕಲ್ಲು ಜಾರಿ ಹೋಗಿದೆ, ಇನ್ನೊಂದು ಬೆಳೆದಿಲ್ಲ ಅಂತ ಸ್ಕ್ಯಾನಿನಲ್ಲಿ ಬಂದಿದೆಯಂತೆ. ಕೇಳಿ ಸಂತೋಷವಾಯಿತು. ನಿಮ್ಮ ದೊಡ್ಡ ಮಗ "ಅಮ್ಮನ ಇಷ್ಟ" ಅಂದಿದ್ದಾರೆ, ನಿಮ್ಮ ಚಿಕ್ಕ ಮಗನೂ ಅದನ್ನೇ ಹೇಳುತ್ತಾರೆ. ನನ್ನನ್ನು ಯಾರೂ ಕೇಳಿಲ್ಲ, ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಕಣ್ಣು ಉಜ್ಜಿಕೊಳ್ಳಬೇಡಿ. ಸೂಜಿಗೆ ದಾರ ಪೋಣಿಸುವ ಹುಚ್ಚು ಸದ್ಯಕ್ಕೆ ಬೇಡ. ಮೈದುನನಿಗೆ ಕೇಳಿದೆ ಅಂತ ಹೇಳಿ, ಚಿಕ್ಕೋಳಿಗೂ ಹೇಳಿ. ನಿಮ್ಮ ಆಶೀರ್ವಾದ ನನ್ನ ಮೇಲೂ ಇರಲಿ, ಪೂರ್ತಿ ಅಲ್ಲೇ ಖರ್ಚು ಮಾಡಿಬಿಡಬೇಡಿ.

ಇಂತಿ,
ನಿಮ್ಮ ಹಿರಿ ಸೊಸೆ

ತಾ. ಕ.: ಚಿಕ್ಕೋಳೇ, ಇಲ್ಲಿಂದ ಮುಂದಿನದು ನಿನಗೆ. ಗಟ್ಟಿಯಾಗಿ ಓದಬೇಡ, ಅತ್ತೆ ಕೇಳಿದರೆ ಕಾಗದ ಮುಗಿಯಿತು ಅನ್ನು. ಇರಿ ಅಂತ ಮೇಲೆ ಬರೆದಿದ್ದೆಲ್ಲ ಬಾಯುಪಚಾರ. ಭಾನುವಾರ ಅಂಗಡಿ ಮುಚ್ಚಿ ಬರುತ್ತೇನೆ, ಅವರನ್ನು ಕರೆದುಕೊಂಡು ಹೋಗುತ್ತೇನೆ. ನೀನು ಮಾಡೋ ನೀರಿನಲ್ಲಿ ಏನಿದೆಯೋ, ಯಾವುದನ್ನು ಎಷ್ಟು ಹೊತ್ತು ಬಿಡುತ್ತೀಯೋ, ಮುಚ್ಚುಮರೆ ಇಲ್ಲದೆ ಹೇಳಿಕೊಡು. ಇಲ್ಲಿ ಬಂದಮೇಲೆ ಅವರು ಮತ್ತೆ ನೀರು ಬಿಟ್ಟರೆ ಕಲ್ಲು ಬೆಳೆಯುತ್ತದೆ, ಅದನ್ನು ನನ್ನಿಂದ ನೋಡಲಾಗುವುದಿಲ್ಲ. ಕಲಿಸಿದವಳು ನೀನೇ ಅಂತ ಎಲ್ಲರಿಗೂ ಹೇಳುತ್ತೇನೆ, ಬೇಕಾದರೆ ಅಂಗಡಿಯ ಬೋರ್ಡಿನಲ್ಲಿ ಬರೆಸುತ್ತೇನೆ. ಅವರು ಬರುವುದಿಲ್ಲ ಅಂತ ಹಟ ಹಿಡಿದರೆ ನೀನು ಇನ್ನೂ ನಾಲ್ಕು ದಿನ ಇರಿ ಅನ್ನಬೇಡ, ಹೋಗಿ ಬನ್ನಿ ಅನ್ನು. ನಿನಗೆ ಬೇಜಾರಾದರೆ ಹೋಗಿ ಕೂರಲು ನಿನ್ನಮ್ಮ ಇದ್ದಾರೆ. ನನಗಿರುವುದು ಅತ್ತೆಯೊಬ್ಬರೇ ಕಣೇ.