ಕಡಲೆ ಹೊಲಕ್ಕಿಳಿದ ಹೆಬ್ಬಾತುಗಳು

ಅಫಜಲಪುರ
೧೯ ಡಿಸೆಂಬರ್ ೨೦೨೪

ಪ್ರೀತಿಯ ಅವ್ವನಿಗೆ ಜೈಭೀಮ.

ನೀನು ಫೋನ್ ಎತ್ತುತ್ತಿಲ್ಲ. ಮನೆಗೆ ಬರಲು ನನಗೆ ಕಾಲು ಏಳುತ್ತಿಲ್ಲ. ಅದಕ್ಕೇ ಇದನ್ನು ನಮ್ಮ ಕೆರೆಯ ದೋಣಿ ನಡೆಸುವ ಇಮಾಮಸಾಬರ ಕೈಯಲ್ಲಿ ಕಳಿಸುತ್ತಿದ್ದೇನೆ. ಯಾರಿಂದಲೂ ಓದಿಸಬೇಡ, ನೀನೇ ಓದು.

ನಿನ್ನೆ ಬೆಳಿಗ್ಗೆ ಅವರು ಪಕ್ಷಿಧಾಮದ ಕಚೇರಿಗೆ ಓಡಿ ಬಂದು, "ಜಲ್ದಿ ಬರ್ರಿ ಮೇಡಂ, ಹಕ್ಕಿ ಏಳವಲ್ವು" ಎಂದರು. ಹೋಗಿ ನೋಡಿದರೆ ಕೆರೆದಂಡೆಯುದ್ದಕ್ಕೂ ಪಟ್ಟೆತಲೆ ಹೆಬ್ಬಾತುಗಳು ಬಿದ್ದಿದ್ದವು. ಹಿಮಾಲಯ ದಾಟಿ ಬಂದವು. ಒಂದರ ಕತ್ತು ಇನ್ನೂ ಅಲುಗುತ್ತಿತ್ತು. ಮಡಿಲಿಗೆ ಎತ್ತಿಕೊಂಡೆ, ಬಾಯಿಂದ ನೊರೆ ಬಂತು, ಸತ್ತುಹೋಯಿತು. ಅಳುವೂ ಬರಲಿಲ್ಲ ಅವ್ವ. ಕಿವಿ ಗುಂಯ್ ಎನ್ನುತ್ತಿತ್ತು, ಇನ್ನೂ ನಿಂತಿಲ್ಲ.

ಪಶುವೈದ್ಯರು ಒಂದರ ಗಂಟಲು ಸೀಳಿ ತೋರಿಸಿದರು. ನೆನೆದ ಕಡಲೆ, ಅದಕ್ಕೆ ಅಂಟಿದ ನೇರಳೆ ಬಣ್ಣದ ವಿಷ. ಅಂಥದೇ ಕಾಳು ನಮ್ಮ ಹೊಲದ ಬದುವಿನ ಮೇಲೂ ಚೆಲ್ಲಿತ್ತು. ಪಕ್ಕದಲ್ಲಿ ನಿನ್ನ ಹೆಸರು ಕೊರೆಸಿದ ಸ್ಟೀಲ್ ಬೋಗುಣಿ. ಇಮಾಮಸಾಬರು ಬೇರೆ ಕಡೆ ಮುಖ ತಿರುಗಿಸಿ, "ನಾ ಏನೂ ನೋಡಿಲ್ರಿ" ಎಂದರು.

ಹೋದ ವಾರ ನೀನು, "ನಿಮ್ಮ ಹಕ್ಕಿ ಕಡ್ಲಿ ಎಲ್ಲಾ ಹಾಳ ಮಾಡಾಕತ್ತಾವ. ನೀ ಅವುಗಳ ಕಡೀನೋ, ನನ್ನ ಕಡೀನೋ ಬೇ?" ಎಂದು ಕೇಳಿದ್ದೆ. ನಾನು ನಕ್ಕುಬಿಟ್ಟೆ. ಈ ವರ್ಷ ಕೆರೆಗೆ ಹೆಚ್ಚು ನೀರು ನಿಲ್ಲಿಸಿ, ಅವು ಮೇಯುವ ದಂಡೆಯ ಹುಲ್ಲನ್ನು ಮುಳುಗಿಸಿದವರು ನಾವೇ, ಅರಣ್ಯ ಇಲಾಖೆಯವರು. ಅದಕ್ಕೇ ಹೊಲಕ್ಕೆ ಇಳಿದವು. ನೀರು ಇಳಿಸಲು ಈಗ ಹೇಳಿದ್ದೇನೆ. ಮೊದಲೇ ಇಳಿಸಿದ್ದರೂ ನೀನು ಹೀಗೆ ಮಾಡುತ್ತಿದ್ದೆಯಾ?

ನನಗೆ ಪಂಚಶೀಲಾ ಎಂದು ಹೆಸರಿಟ್ಟವಳು ನೀನು. ಐದು ಶೀಲಗಳಲ್ಲಿ ಪ್ರಾಣ ತೆಗೆಯಬಾರದು ಎಂಬುದನ್ನು ಎಲ್ಲಕ್ಕಿಂತ ಮೊದಲು ಬಾಯಿಪಾಠ ಮಾಡಿಸಿದವಳೂ ನೀನೇ. ಆ ವಿಷವನ್ನು ಬರಿಗೈಯಲ್ಲಿ ಕಲಸಿದೆಯಾ? ಸೋಪು ಹಚ್ಚಿ ತೊಳೆದೆಯಾ? ಕೋಳಿಗಳನ್ನು ಆ ಕಡೆ ಬಿಡಬೇಡ.

ಹೊಲ ಯಾರದೆಂದು ನಮ್ಮ ಇಲಾಖೆಯ ಸಾಹೇಬರು ಕೇಳುತ್ತಾರೆ. ಏನು ಹೇಳಲಿ?

ನಿನ್ನ ಮಗಳು,
ಪಂಚಶೀಲಾ

ತಾ.ಕ.: ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಮೇಲೆ ಸುಳ್ಳು ಬರೆದೆ. ಸಾಹೇಬರು ನಿನ್ನೆಯೇ ಕೇಳಿದರು, ನಾನು ನಿನ್ನ ಹೆಸರು ಹೇಳಿಯೂ ಆಯಿತು. ನಾಳೆ ಮನೆಗೆ ಇಲಾಖೆಯ ಜೀಪು ಬರುತ್ತದೆ. ಅದರಲ್ಲಿ ನಾನೂ ಇರುತ್ತೇನೆ, ಖಾಕಿ ಹಾಕದೆ. ಇಳಿದು ನಿನ್ನ ಪಕ್ಕಕ್ಕೆ ಬಂದು ನಿಲ್ಲುತ್ತೇನೆ. ದೂಡಬೇಡ.