ಎರಡು ಸಲ ಒತ್ತಿದ ಕೈ ಯಾರದು, ಕಾರ್ಯದರ್ಶಿಗಳೇ?

ಇಲ್ಲ ಸಾ, ಸಿದ್ದರಾಜು ಅವಸರ ಮಾಡ್ಲಿಲ್ಲ. ನೀವು ನಮ್ಮ ಕಬಡ್ಡಿ ಸಂಘದ ಬಾಗ್ಲಿಗೆ ಅಂಟಿಸಿರೋ ನೋಟೀಸ್‌ನ ನಾಲ್ಕು ಸಲ ಓದ್ದೆ. "ಸದರಿ ಆಟಗಾರನು ಜೊತೆಗಾರನ ಸೂಚನೆಗೆ ಕಾಯದೆ, ಅಶಿಸ್ತಿನಿಂದ ಮುನ್ನುಗ್ಗಿ ತನ್ನ ಮೊಣಕಾಲಿಗೆ ತಾನೇ ಪೆಟ್ಟು ಮಾಡಿಕೊಂಡಿರುತ್ತಾನೆ. ಆದ್ದರಿಂದ ಆತನ ಹೆಸರನ್ನು ತಂಡದ ಪಟ್ಟಿಯಿಂದ ಕೈಬಿಡಲಾಗಿದೆ." ಎಂಥಾ ಬರವಣಿಗೆ ಸಾ! ಕಾಗುಣಿತ ಎಲ್ಲೂ ತಪ್ಪಿಲ್ಲ. ನಡೆದಿದ್ದೊಂದನ್ನ ಬುಟ್ಟು ಮಿಕ್ಕಿದ್ದೆಲ್ಲ ಸರಿಯಾಗೇ ಅದೆ.

ಮಾನ್ಯ ಕಾರ್ಯದರ್ಶಿಗಳೇ, ಹೆಸ್ರು ಹಿಡಿದು ಕರೆಯಲ್ಲ. ನಿಮ್ಮ ಹೆಸ್ರು ನಮ್ಮ ಜರ್ಸಿ ಬೆನ್ನ ಮೇಲೆ ನಮ್ಮ ಹೆಸ್ರಿಗಿಂತ ದಪ್ಪಕ್ಕೆ ಅದೆ, ಬೇಕಾದೋರು ಅಲ್ಲೇ ಓದ್ಕಳ್ಳಲಿ. ಬೆಳಿಗ್ಗೆ ಹನ್ನೊಂದಕ್ಕೆ ಬತ್ತೀನಿ, ಆಫೀಸ್ ತೆಗ್ದು ಕುಂತಿರು ಅಂದ್ರಿ. ಈಗ ನಾಲ್ಕೂವರೆ. ನಿಮ್ಮ ಟೇಬಲ್ ಮೇಲೆ, ನಿಮ್ಮ ಪೆನ್ನಲ್ಲೇ ಬರೀತಾ ಇವ್ನಿ. ನಿಮಗೊಬ್ರಿಗೇ ಬರೆದ್ರೆ ಮಡಚಿ ಜೇಬಿಗೆ ಹಾಕ್ಕತೀರಿ. ಅದಕ್ಕೆ ಎಲ್ರಿಗೂ ಬರೀತೀನಿ.

ಆ "ಅಶಿಸ್ತು" ಅನ್ನೋ ಪದ ಏನು ಮಾಡ್ತದೆ ಅಂತ ನಿಮಗೆ ಗೊತ್ತದೆ. ಸಿದ್ದರಾಜು ನಂಜನಗೂಡಲ್ಲಿ ಒಂದು ಫ್ಯಾಕ್ಟರೀಲಿ ಟೆಂಪರ್‌ವರಿ. ಆಟಗಾರ ಅಂತಾನೇ ತಕ್ಕಂಡಿದ್ರು. ತಂಡಕ್ಕೆ ಆಡೋವಾಗ ಪೆಟ್ಟಾಯ್ತು ಅಂತ ಸಂಘದ ಒಂದು ಪತ್ರ ಸೋಮವಾರದೊಳಗೆ ತಕ್ಕಂಬಾ, ಕಾಲು ಸರಿಹೋಗೋಗಂಟ ಕುಂತು ಮಾಡೋ ಕೆಲಸ ಕೊಡ್ತೀವಿ ಅಂದವ್ರೆ. ಪತ್ರದ ಬದಲು ನಿಮ್ಮ ಈ ನೋಟೀಸ್ ಹೋದ್ರೆ ಗೇಟೊಳಗೂ ಬಿಡಲ್ಲ. ಇವತ್ತು ಶುಕ್ರವಾರ.

ಗೊತ್ತಿಲ್ದೋರಿಗೆ ತಂಡದ ವಿಚಾರ ಹೇಳ್ಬುಡ್ತೀನಿ. ನಂಜನಗೂಡು, ತಿ. ನರಸೀಪುರ ಎರಡು ತಾಲ್ಲೂಕಿಗೂ ಸೇರಿ ನಮ್ದೊಂದು ಕಬಡ್ಡಿ ತಂಡ. ಈ ವರ್ಷ ಹನ್ನೊಂದು ಆಟ. ಹತ್ತು ಸೋತೊ. ಗೆದ್ದಿದ್ದು ಒಂದು, ಅದೂ ಎದುರು ತಂಡದ ವ್ಯಾನ್ ದಾರೀಲಿ ಕೆಟ್ಟು ನಿಂತು ಅವರು ಬರ್ಲಿಲ್ಲ ಅಂತ. ಆ ಗೆಲುವಿಗೂ ನೀವು ಹಾರ ಹಾಕಿಸ್ಕಂಡ್ರಿ. ಸೋಲಿಗೆ ಕಾರಣ ಹುಡುಕೋಕೆ ಎರಡು ಸಭೆ ಕರೆದ್ರಿ. ಮೊದಲನೇ ಸಭೇಲಿ ಜರ್ಸಿ ಬಣ್ಣ ಬದಲಾಯ್ತು. ಎರಡನೇದ್ರಲ್ಲಿ ತಂಡದ ಹೆಸ್ರಲ್ಲಿ ಯಾವ ತಾಲ್ಲೂಕು ಮುಂದೆ ಬರ್ಬೇಕು ಅಂತ ಮೂರು ಗಂಟೆ ಜಗಳ ಆಗಿ, ಕೊನೇಲಿ ನಿಮ್ಮ ಆ ಮಹಾ ನಿಯಮ ಹುಟ್ತು: ಆಟ ಯಾವ ತಾಲ್ಲೂಕಲ್ಲಿ ನಡೀತದೋ ಆ ತಾಲ್ಲೂಕಿನೋರು ಮ್ಯಾಟ್ ಮೇಲೆ ನಾಲ್ಕು ಜನ, ಇನ್ನೊಂದು ತಾಲ್ಲೂಕಿನೋರು ಮೂರು ಜನ. ಮದುವೆ ಮನೇಲಿ ಪಂಕ್ತಿ ಕೂರ್ಸೋರೂ ಇಷ್ಟು ನೋಡಲ್ಲ ಸಾ. ಅಲ್ಲಿ ಸಾರು ಯಾರಿಗೆ ಮೊದಲು ಬಿದ್ರೂ ಯಾರ ಮಂಡಿನೂ ಮುರಿಯಲ್ಲ.

ನಾನು ಬದನವಾಳು, ಅಂದ್ರೆ ನಂಜನಗೂಡು ತಾಲ್ಲೂಕು. ಸಿದ್ದರಾಜು ಹೆಮ್ಮಿಗೆ, ನರಸೀಪುರ ತಾಲ್ಲೂಕು. ಒಂಬತ್ತು ವರ್ಷದಿಂದ ನಾವಿಬ್ರೂ ಎಡಗಡೆ ಕಾಯ್ತಾ ಇದ್ದೊ. ಅವ್ನು ಮೂಲೇಲಿ, ನಾನು ಪಕ್ಕದಲ್ಲಿ, ಕೈ ಕೈ ಹಿಡ್ಕಂಡು. ಎದುರು ತಂಡದ ರೈಡರ್ ನಮ್ಮನ್ನ ಮುಟ್ಟೋಕೆ ಒಳಗೆ ಬಂದಾಗ ಬಾಯಲ್ಲಿ ಮಾತಾಡೋ ಹಂಗಿಲ್ಲ, ಅವ್ನಿಗೂ ಕೇಳ್ತದಲ್ಲ. ಅದಕ್ಕೆ ನಮ್ಮ ಮಾತೆಲ್ಲ ಕೈಯಲ್ಲೇ. ರೈಡರ್ ಹಿಂಗಾಲು ನಾನು ನಿಂತಿರೋ ಜಾಗಕ್ಕೆ ಕಾಣ್ತದೆ, ಮೂಲೇಲಿರೋನಿಗೆ ಕಾಣಲ್ಲ. ಆ ಕಾಲು ಭದ್ರವಾಗಿ ಊರಿದ್ರೆ ಸಿದ್ದರಾಜು ಕೈನ ಒಂದು ಸಲ ಒತ್ತೀನಿ, ಅಂದ್ರೆ ತಡಿ. ಕಾಲು ಎದ್ದ ತಕ್ಷಣ ಎರಡು ಸಲ, ಅಂದ್ರೆ ನುಗ್ಗು, ನಿನ್ನ ಹಿಂದೇನೇ ನಾನಿವ್ನಿ. ನುಗ್ಗೋನು ತಿರುಗಿ ನೋಡಲ್ಲ. ತಿರುಗಿ ನೋಡುದ್ರೆ ಅಷ್ಟೊತ್ಗೆ ರೈಡರ್ ಗೆರೆ ದಾಟಿರ್ತಾನೆ. ಹಿಂದೆ ಇರೋ ಕೈನ ನಂಬ್ಕಂಡು ಹೋಗ್ಬೇಕು, ಅಷ್ಟೆ.

ಹೋದ ಭಾನುವಾರದ ಆಟ ನರಸೀಪುರದಲ್ಲಿ. ಹಿಂದಿನ ದಿನ ನೀವೇ ಫೋನ್ ಮಾಡುದ್ರಿ. "ನಂಜುಂಡೇಶ, ಈ ಸಲ ನೀನು ಕೂತ್ಕಳಪ್ಪ. ನರಸೀಪುರದೋರು ನಾಲ್ಕು ಜನ ಕಾಣ್ಬೇಕು. ನಂಜನಗೂಡಲ್ಲಿ ಆಟ ಬಂದಾಗ ನಿನ್ನ ಸರದಿ." ಸರದಿ! ನ್ಯಾಯಬೆಲೆ ಅಂಗಡೀಲಿ ಸೀಮೆಎಣ್ಣೆಗೆ ನಿಂತಿದ್ನಾ ಸಾ ನಾನು? ನಮ್ಮ ಕೋಚು ಚಿಕ್ಕಸ್ವಾಮಿ ಮೇಷ್ಟ್ರು ನಿಮ್ಮ ಹತ್ರ ಬಂದು ಬೇಡ್ಕಂಡ್ರು. "ಜೋಡಿ ಎತ್ತು ಬಿಡುಸ್ಬುಟ್ಟು ಊರಿಗೊಂದೆತ್ತು ಕಟ್ಟುದ್ರೆ ಗಾಡಿ ಓಯ್ತದಾ ಸಾರ್?" ನೀವಂದ್ರಿ, "ಮೇಷ್ಟ್ರೇ, ನೀವು ಸೀಟಿ ಊದಿ. ಲಿಸ್ಟು ನಾನು ನೋಡ್ಕತೀನಿ."

ನೋಡ್ಕಂಡ್ರಿ. ನನ್ನ ಜಾಗಕ್ಕೆ ಸೋಸಲೆ ಬಸವಪ್ರಸಾದನ್ನ ನಿಲ್ಸುದ್ರಿ. ಹುಡುಗ ಕೆಟ್ಟೋನಲ್ಲ. ಓಡೋದ್ರಲ್ಲಿ, ಮುಟ್ಟಿ ಬರೋದ್ರಲ್ಲಿ ನಮ್ಮಲ್ಲೇ ಚುರುಕು. ಆದ್ರೆ ಹಿಡಿಯೋಕೆ ಒಂದು ದಿನ ನಿಂತೋನಲ್ಲ. ಅವ್ನು ಯಾವ ಕೆಲಸದೋನು ಅಂತ ನಿಮ್ಮ ಲಿಸ್ಟಿಗೆ ಬೇಕಾಗಿರ್ಲಿಲ್ಲ. ಯಾವ ತಾಲ್ಲೂಕಿನೋನು ಅನ್ನೋದೊಂದು ಸಾಕಾಗಿತ್ತು.

ಆಟ ಅರ್ಧ ಕಳೆದಿತ್ತು, ಎರಡೇ ಪಾಯಿಂಟ್ ಹಿಂದೆ ಇದ್ದೊ. ರೈಡರ್ ಸಿದ್ದರಾಜು ಕಡೆಗೆ ಬಂದ. ಬೆಂಚ್ ಮೇಲಿಂದ ನಂಗೆ ಅವ್ನ ಹಿಂಗಾಲು ಕಾಣ್ತಿತ್ತು, ಇನ್ನೂ ಊರೇ ಇತ್ತು. ತಡೀಬೇಕು. ಬೆಂಚಿನ ಅಂಚನ್ನೇ ನಾನು ಒಂದು ಸಲ ಒತ್ತುದೆ. ಅಲ್ಲಿ ಬಸವಪ್ರಸಾದ ಹೆದ್ರಿಕೇಲಿ ಸಿದ್ದರಾಜು ಕೈನ ಗಟ್ಟಿಯಾಗಿ ಹಿಡ್ಕಂಡ, ಸಡಿಲ ಬುಟ್ಟ, ಮತ್ತೆ ಹಿಡ್ಕಂಡ. ಎರಡು ಸಲ. ಸಿದ್ದರಾಜು ನುಗ್ಗುದ. ಬಸವಪ್ರಸಾದ ಕೈ ಬುಟ್ಟು ಹಿಂದಕ್ಕೆ ಜರುಗುದ. ರೈಡರ್ ಪೂರಾ ಮೈಭಾರ ಸಿದ್ದರಾಜುನ ಒಂದೇ ಮಂಡಿ ಮೇಲೆ ಬಿತ್ತು. ಹಸಿ ಕಬ್ಬು ಮುರಿದಂಗೆ ಸದ್ದು, ಬೆಂಚಿಗೂ ಕೇಳ್ತು. ನಿಮಗೆ ಕೇಳಿರಲ್ಲ. ನೀವು ಮೈಕ್ ಹಿಡ್ಕಂಡು ತಡವಾಗಿ ಬಂದ ಗಣ್ಯರಿಗೆ ಸ್ವಾಗತ ಕೋರ್ತಾ ಇದ್ರಿ.

ಬುಧವಾರ ಹೆಮ್ಮಿಗೆಗೆ ಹೋಗಿದ್ದೆ. ಸಿದ್ದರಾಜು ಹೆಂಡ್ತಿ ಮೇಘನಾ ಕಾಫಿ ಕೊಟ್ಲು. ಸಂಘದಿಂದ ಯಾರಾದ್ರೂ ಬಂದಿದ್ರಾ ಅಂತ ಕೇಳ್ದೆ.

"ಬತ್ತಾರೆ ಕಣಣ್ಣ, ಬತ್ತಾರೆ. ಬ್ಯಾನರ್ ಇನ್ನೂ ಪ್ರಿಂಟಾಗಿಲ್ವೇನೋ. ಕಾಲು ಮುರಿದ ಸಮಾರಂಭಕ್ಕೆ ಆರ್ದಿಕ ಸ್ವಾಗತ ಅಂತ ಆಕಬೇಕಲ್ಲ."

ಸಿದ್ದರಾಜು ನಕ್ಕ. ನಕ್ಕಿದ್ದಕ್ಕೆ ಕಾಲು ಅಳ್ಳಾಡಿ ಹಲ್ಲು ಕಚ್ಕಂಡ. ಅವ್ಳು ಒಳಗೆ ಹೋದ್ಮೇಲೆ ನನ್ನ ಹತ್ರ ಕರ್ದ.

"ಲೇ ನಂಜುಂಡೇಶ, ಎರಡು ಸಲ ಒತ್ತುದ್ನಲ್ಲ ಕಣ್ಲಾ ಅವ್ನು. ನೀನು ಯೋಳ್ಕೊಟ್ಟಿದ್ದೀಯ ಅನ್ಕಂಡೆ. ಅದ್ಕೆ ನುಗ್ಗುದೆ."

ನಾನು ಕಾಫಿ ಕುಡಿದೆ ಸಾ. ಲೋಟ ಖಾಲಿ ಆದ್ಮೇಲೂ ಕುಡೀತಾನೇ ಇದ್ದೆ.

ಇದುವರ್ಗೂ ನಿಮ್ಮ ಮೇಲೆ ಬರ್ದೆ. ಇನ್ನು ನನ್ನ ಮೇಲೆ. ಆಟಕ್ಕೆ ಮುಂಚೆ ಪೆಂಡಾಲ್ ಹಿಂದೆ ಮಂಡಿ ಪಟ್ಟಿ ಕಟ್ಕತಾ ಬಸವಪ್ರಸಾದ ನನ್ನ ಹತ್ರ ಬಂದಿದ್ದ. "ಅಣ್ಣಾ, ನೀವಿಬ್ರೂ ಕೈಯಲ್ಲಿ ಅದೇನೋ ಒತ್ಕತೀರಂತಲ್ಲ, ನಂಗೂ ಒಸಿ ಯೋಳ್ಕೊಡಣ್ಣ" ಅಂದ. ಎಲ್ರ ಮುಂದೇನೇ ನಾನಂದೆ, "ಲಿಸ್ಟ್ ಮಾಡ್ದೋರ್ನ ಕೇಳ್ಕ ಓಗ್ಲಾ. ನಾನು ಎಕ್ಸ್‌ಟ್ರಾ." ಎಲ್ರೂ ನಕ್ರು. ಅವ್ನೂ ನಕ್ಕ, ಪಾಪ. ಸಿದ್ದರಾಜು ಶಿಫ್ಟ್ ಮುಗಿಸ್ಕಂಡು ಬೈಕಲ್ಲಿ ಬರೋ ಹೊತ್ಗೆ ಟಾಸ್ ಆಗೋಗಿತ್ತು. ಅವ್ನಿಗೆ ಈ ಮಾತು ಗೊತ್ತಿಲ್ಲ. ಅರ್ಧ ನಿಮಿಷದ ಕೆಲಸ ಸಾ ಹೇಳ್ಕೊಡೋದು. ನಿಮ್ಮ ಮೇಲಿದ್ದ ಸಿಟ್ಟಿಗೆ ಆ ಅರ್ಧ ನಿಮಿಷ ಕೊಡ್ಲಿಲ್ಲ ನಾನು.

ಈಗ ನೀವು ಇದನ್ನ ಗಟ್ಟಿಯಾಗಿ ಹಿಡ್ಕತೀರಿ. "ನೋಡ್ರಪ್ಪ, ಅವ್ನೇ ಒಪ್ಕಂಡವ್ನೆ" ಅಂತೀರಿ. ಹಿಡ್ಕಳಿ. ಒಪ್ಕಂಡಿವ್ನಿ. ಆದ್ರೆ ನೀವು ಯಾವಾಗ ಒಪ್ಕತೀರಿ? ಒಂಬತ್ತು ವರ್ಷ ಕೂಡಿರೋ ಎರಡು ಕೈನ ಬಿಡಿಸೋವಾಗ ಆ ಕೈಯೊಳಗೆ ಏನದೆ ಅಂತ ಒಂದು ಮಾತು ಕೇಳುದ್ರಾ? ಮೇಷ್ಟ್ರು ಹೇಳೋಕೆ ಬಂದಾಗ ಕೇಳಿಸ್ಕಂಡ್ರಾ? ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ, ಬಸವಪ್ರಸಾದ ಹೆದರ್ದ. ಕೈಗೆ ಬಂದ ಮಾತನ್ನ ಹಂಗೇ ಪಾಲಿಸ್ದೋನು ಸಿದ್ದರಾಜು. ಆ ಮ್ಯಾಟ್ ಮೇಲೆ, ಆ ಪೆಂಡಾಲಲ್ಲಿ, ನಿಮ್ಮ ಗಣ್ಯರೂ ಸೇರಿ, ಶಿಸ್ತಿಂದ ಇದ್ದೋನು ಅಂದ್ರೆ ಅವ್ನೊಬ್ನೆ. ಅವ್ನ ಹೆಸ್ರ ಮುಂದೆ "ಅಶಿಸ್ತು" ಅಂತ ಬರೆಯೋಕೆ ನಿಮ್ಮ ಕೈ ಹೆಂಗೆ ಬಂತು ಸಾ?

ನಾನು ಎಸ್ಸೆಸ್ಸೆಲ್ಸಿವರ್ಗೂ ಓದ್ದೋನು. ಎರಡು ವರ್ಷದಲ್ಲಿ ಮೂರು ಕೆಲಸ ಬುಟ್ಟೋನು. ಒಂದು ಕಡೆ ನಿಲ್ಲಲ್ಲ ಅಂತ ನಮ್ಮವ್ವ ಬೈತಾನೇ ಇರ್ತಾಳೆ. ಅಲುಗಾಡ್ದೆ ನಿಂತಿದ್ದು ಅಂದ್ರೆ ಅದೊಂದೇ ಜಾಗ, ಸಿದ್ದರಾಜು ಪಕ್ಕ. ಅದನ್ನೂ ಈಗ ಕಳ್ಕಂಡಿವ್ನಿ, ಅರ್ಧ ನಿಮ್ಮಿಂದ, ಅರ್ಧ ನನ್ನ ಬಾಯಿಂದ. ಅದನ್ನ ವಾಪಸ್ ಕೊಡಿ ಅಂತ ಕೇಳ್ತಾ ಇಲ್ಲ. ಕೇಳ್ತಿರೋದು ಒಂದು ಪತ್ರ. ನಾಳೆ ಬೆಳಿಗ್ಗೆ ನಿಮ್ಮ ಸೀಲು, ನಿಮ್ಮ ಸಹಿ ಹಾಕಿ ಹೀಗೆ ಬರೀರಿ: ಹೆಮ್ಮಿಗೆ ಸಿದ್ದರಾಜು ನಮ್ಮ ತಂಡಕ್ಕೆ ಆಡುವಾಗ, ತನ್ನ ತಪ್ಪಿಲ್ಲದೆ, ಪೆಟ್ಟು ತಿಂದಿದ್ದಾನೆ, ಆತ ಈಗಲೂ ನಮ್ಮ ಆಟಗಾರ. ನಾಳೆ ಸಂಜೆಯೊಳಗೆ ಅದು ಹೆಮ್ಮಿಗೆ ತಲುಪ್ಬೇಕು. ಪಟ್ಟೀಲಿ ಒಂದು ಹೆಸ್ರು ಹೊಡೀಲೇಬೇಕು ಅಂದ್ರೆ ನಂದು ಹೊಡೀರಿ. ಪೆನ್ನು ಇಲ್ಲೇ ಟೇಬಲ್ ಮೇಲೆ ಮಡಗಿವ್ನಿ.

ಪತ್ರ ಬರ್ಲಿಲ್ಲ ಅಂದ್ರೆ ಸೋಮವಾರ ಆ ಫ್ಯಾಕ್ಟರಿ ಗೇಟಿಗೆ ನಾನೂ, ಮೇಷ್ಟ್ರೂ ಹೋಗಿ ನಡೆದಿದ್ದನ್ನ ಬಾಯಲ್ಲೇ ಹೇಳ್ತೀವಿ. ಸೀಲಿಲ್ದ ಬಾಯಿಗೆ ಎಷ್ಟು ಬೆಲೆ ಅಂತ ಗೊತ್ತದೆ. ಆದ್ರೂ ಹೋಯ್ತೀವಿ.

ಇಂತಿ,
ಅರ್ಧ ನಿಮಿಷ ಕೊಡದೇ ಹೋದ,
ಬದನವಾಳು ನಂಜುಂಡೇಶ್

ಇನ್ನೊಂದು ಮಾತು. ಈಗ ಸೀದಾ ಹೆಮ್ಮಿಗೆಗೆ ಹೋಯ್ತಾ ಇವ್ನಿ. ಈ ಕಾಗದದಲ್ಲಿರೋದು ಸಿದ್ದರಾಜುಗೆ ಬೇರೆಯೋರ ಬಾಯಲ್ಲಿ ಗೊತ್ತಾಗ್ಬಾರ್ದು. ಮೂರು ವರ್ಷದಿಂದ ನನ್ನ ಹತ್ರ ಇದ್ದ ಆಫೀಸ್ ಬೀಗದ ಕೈನ ಪಕ್ಕದ ಟೀ ಅಂಗಡೀಲಿ ಕೊಟ್ಟೋಯ್ತೀನಿ. ಇದನ್ನ ಬಾಗ್ಲ ಹೊರಗಡೆ, ನಿಮ್ಮ ನೋಟೀಸ್ ಪಕ್ಕಕ್ಕೇ ಅಂಟುಸ್ತೀನಿ. ಬಾಗ್ಲು ಒಳಕ್ಕೆ ತೆಗೆದಿದ್ರೆ ಎರಡು ಕಾಗದಾನೂ ಗೋಡೆ ಮರೆಗೆ ಹೋಯ್ತವೆ, ಯಾರಿಗೂ ಕಾಣಲ್ಲ. ಅದಕ್ಕೆ ಬಾಗ್ಲು ಮುಚ್ಚೇ ಹೋಯ್ತಾ ಇವ್ನಿ.